ಇಬ್ಬನಿ ಕುಡಿದ ಭತ್ತ

ಹಿತ್ತಿಲ ಅಂಗಳದ ಕೀಲಿಕೈಯನ್ನು ತುಳಸಾಳ ಕೈಯಲ್ಲಿ ಕೊಟ್ಟು ಹೋಗಿದ್ದೆ ಎಂದು ಏಳು ವರ್ಷದ ಹಿಂದೆ ನಾನು ನನ್ನ ಯಜಮಾನರಿಗೆ ಹೇಳಿದ್ದು ಸುಳ್ಳು. ಕೀಲಿಕೈ ನನ್ನ ಸೊಂಟದಲ್ಲಿತ್ತು. ಮೂರು ದಿನವೂ ನನ್ನ ಸೊಂಟದಲ್ಲೇ ಇತ್ತು. ಆ ಒಂದು ಮಾತಿನಿಂದ ಐದು ಹೆಂಗಸರ ಕೆಲಸ ಹೋಯಿತು. ಅವರಲ್ಲಿ ಒಬ್ಬಳ ಹೆಸರೂ ಹೋಯಿತು.

ಇಷ್ಟು ಬರೆಯಲು ಮುಂಜಾನೆಯಿಂದ ಕೂತಿದ್ದೇನೆ. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಬಸದಿಯಲ್ಲಿ ಶಾಸ್ತ್ರ ಓದಬಲ್ಲೆ, ತವರಿಗೆ ಕಾಗದ ಬರೆಯಬಲ್ಲೆ. ಇಂಥದ್ದನ್ನು ಹೇಗೆ ಬರೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಖಾನಾಪುರದಲ್ಲಿ ನಮ್ಮದು ಅಕ್ಕಿಯ ವ್ಯಾಪಾರ. ಸುತ್ತಲಿನ ಹಳ್ಳಿಗಳ ಭತ್ತ ಕೊಂಡು, ನಮ್ಮ ಅಂಗಳದಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿಸಿ, ಬೆಳಗಾವಿಯ ಪೇಟೆಗೆ ಅಕ್ಕಿ ಕಳಿಸುತ್ತಿದ್ದೆವು. ಕೊಳ್ಳುವುದು, ಮಾರುವುದು ಯಜಮಾನರ ಪಾಲು. ಒಣಗಿಸುವುದು, ಕುಟ್ಟಿಸುವುದು ನನ್ನ ಪಾಲು. ಹೊಳೆಯ ಆಚೆಯಿಂದ ಐದು ಹೆಂಗಸರು ಕುಟ್ಟಲು ಬರುತ್ತಿದ್ದರು. ಅವರಿಗೆಲ್ಲ ಮುಂದಾಳು ತುಳಸಾ. ಮನೆಯಲ್ಲಿ ಮರಾಠಿ ಆಡುವವಳು, ನಮ್ಮ ಅಂಗಳಕ್ಕೆ ಬಂದರೆ ಕನ್ನಡ. ಎರಡೂ ಭಾಷೆಯಲ್ಲಿ ಅವಳ ನಾಲಿಗೆ ಒಂದೇ ಸಮ ಹರಿತವಾಗಿತ್ತು.

ಕುಟ್ಟುವವರಿಗೆ ದಿನದ ಕೂಲಿ ಎಂದರೆ ಅಕ್ಕಿ. ಅದರ ಮೇಲೆ ಕೇರಿದಾಗ ಬಿದ್ದ ತೌಡು, ನುಚ್ಚು ಕೂಡ ಅವರಿಗೇ ಸಲ್ಲುವುದು ನಮ್ಮ ಕಡೆಯ ರೂಢಿ. ಯೋಚಿಸಿ ನೋಡಿ. ಅಕ್ಕಿ ಎಷ್ಟು ಮುರಿದರೆ ಅಷ್ಟು ಅವರ ಸೆರಗಿಗೆ. ಆದರೂ ತುಳಸಾ ಕುಟ್ಟಿದ ಅಕ್ಕಿಯಲ್ಲಿ ಮುರಿದ ಕಾಳು ಹುಡುಕಬೇಕಾಗುತ್ತಿತ್ತು. ತನ್ನ ಪಾಲು ತಾನೇ ಕಡಿಮೆ ಮಾಡಿಕೊಂಡು ಕುಟ್ಟುತ್ತಿದ್ದಳು. ಕೈಯ ಮಾನ ಅದು. ಅದನ್ನು ನಾನು ಬಲ್ಲೆ. ಬಲ್ಲವಳೇ —

ಜರ್ಮನ್ ಯುದ್ಧದ ದಿನಗಳಲ್ಲಿ ಬೆಳಗಾವಿ ಕ್ಯಾಂಪಿನ ಸಿಪಾಯಿಗಳ ಪಲ್ಟಣಿಗೆ ಎಷ್ಟು ಅಕ್ಕಿ ಕಳಿಸಿದರೂ ಸಾಲುತ್ತಿರಲಿಲ್ಲ. ವಾರದ ಆರು ದಿನವೂ ನಮ್ಮ ಅಂಗಳದಲ್ಲಿ ಒನಕೆಯ ಸದ್ದು. ಯುದ್ಧ ಮುಗಿದು ಮೂರ್ನಾಲ್ಕು ವರ್ಷಕ್ಕೆ ಎಲ್ಲ ತಿರುಗಿತು. ಪಲ್ಟಣಿಯ ಖರೀದಿ ನಿಂತಿತು. ರೈಲಿನಲ್ಲಿ ಎಲ್ಲಿಂದಲೋ ಅಗ್ಗದ ಅಕ್ಕಿ ಬಂದು ಪೇಟೆಯಲ್ಲಿ ಬಿತ್ತು. ಮುಂಬಯಿ ಗಿರಣಿಗಳಿಗೆ ಹೋದ ಗಂಡಸರು ಗಂಟು ಹೊತ್ತು ತಿರುಗಿ ಬಂದರು. ಗುಂಜಿಯ ಕಡೆ ಅಡವಿಯಲ್ಲಿ ಮರ ಎಳೆಯುತ್ತಿದ್ದ ತುಳಸಾಳ ಗಂಡನಿಗೆ, ಗುತ್ತಿಗೆದಾರ ಇನ್ನು ಬರಬೇಡ ಎಂದ. ನಮ್ಮಲ್ಲಿ ಆರು ದಿನದ ಕೆಲಸ ಮೂರು ದಿನಕ್ಕೆ ಇಳಿಯಿತು. ಮೊದಲು ಸೇರು ತುಂಬಿ ಮೇಲೆ ರಾಶಿ ನಿಲ್ಲುವ ಹಾಗೆ ಕೂಲಿ ಅಳೆಯುತ್ತಿದ್ದವಳು ನಾನು, ಈಗ ಅಂಗೈಯಿಂದ ಸವರಿ ಸಮ ಮಾಡತೊಡಗಿದೆ. ಯಜಮಾನರು ಹಾಗೆ ಮಾಡು ಎಂದಿರಲಿಲ್ಲ. ನಾನೇ ಮಾಡಿದೆ. ನನ್ನ ಕೈ ಸೇರಿನ ಮೇಲೆ ಹರಿದಾಡುವುದನ್ನು ಐದೂ ಮಂದಿ ನೋಡುತ್ತಿದ್ದರು.

ತುಳಸಾ ಮಾತ್ರ ಒಮ್ಮೆ ನಗಾಡಿದಳು. ಅಂದು ಅಷ್ಟಮಿ, ನನ್ನ ಉಪವಾಸ. ಮೊರ ಕೆಳಗಿಟ್ಟು, “ಅಕ್ಕಾರ, ನೀವು ಉಪಾಸ ಮಾಡಿದ್ರ ಪುಣ್ಯಾ ಬರತೈತಿ. ನಾವು ಮಾಡಿದ್ರ ಬರೇ ಹಸಿವಿ ಬರತೈತಿ ನೋಡ್ರಿ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಒಳಗೆ ಹೋಗಿ ಜಪದ ಸರ ಹಿಡಿದೆ.

ಅದೇ ದಿನಗಳಲ್ಲಿ ಒಂದು ಸುದ್ದಿ ಹಬ್ಬಿತು. ಬೇರೊಬ್ಬರ ಅಂಗಳದಲ್ಲಿ ಕುಟ್ಟುವವಳೊಬ್ಬಳು ಸೆರಗಿನಲ್ಲಿ ಭತ್ತ ಕಟ್ಟಿಕೊಂಡು ಹೋದಳಂತೆ. ಖರೆಯೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ನಾನು ಮಾತ್ರ ಹಿತ್ತಿಲ ಬಾಗಿಲಿಗೆ ಹೊಸ ಕೀಲಿ ತರಿಸಿದೆ.

ಆ ಫಾಲ್ಗುಣದಲ್ಲಿ ಎಂಟು ದಿನದ ಅಷ್ಟಾಹ್ನಿಕ ಪೂಜೆಗೆ ಬೆಳಗಾವಿಯ ತವರಿಗೆ ಹೊರಟೆ. ಯಜಮಾನರು ಗಿರಾಕಿ ಹುಡುಕಿಕೊಂಡು ಗೋವೆಯ ಕಡೆ ಹೋಗಿದ್ದರು. ಅಂಗಳದ ತುಂಬ ಭತ್ತ ಹರವಿತ್ತು. ಬೆಳಗಾವಿಯ ಒಬ್ಬ ದೊಡ್ಡ ವ್ಯಾಪಾರಿ ಬಿಳಿ ಅಕ್ಕಿ ಕೇಳಿದ್ದ. ಆ ವರ್ಷಕ್ಕೆಲ್ಲ ನಮಗೆ ಸಿಕ್ಕ ಒಂದೇ ಒಳ್ಳೆಯ ಗಿರಾಕಿ. ಮುಂಜಾನೆ ಹೋಗಿ ಸಂಜೆಯ ಗಾಡಿಗೆ ಬರುತ್ತೇನೆಂದು ಮಕ್ಕಳನ್ನು ಕರೆದುಕೊಂಡು ಹೋದೆ. ಅಂಗಳದ ಬಾಗಿಲಿಗೆ ಕೀಲಿ ಹಾಕಿದೆ.

ಭತ್ತದ ಸೂಕ್ಷ್ಮ ಗೊತ್ತಿಲ್ಲದವರಿಗೆ ಒಂದು ಮಾತು. ಒಣಹಾಕಿದ ಭತ್ತವನ್ನು ಹೊತ್ತು ಮುಳುಗುವ ಮೊದಲು ಒಳಗೆ ಎಳೆದುಕೊಳ್ಳಬೇಕು. ಅಡವಿಯ ಅಂಚಿನ ಊರು ನಮ್ಮದು, ಫಾಲ್ಗುಣದಲ್ಲೂ ಇಬ್ಬನಿ ಬೀಳುತ್ತದೆ. ಇಬ್ಬನಿಗೆ ನೆನೆದು ಮರುದಿನ ಬಿರುಬಿಸಿಲು ತಿಂದ ಭತ್ತ ಮೇಲೆ ನೋಡಿದರೆ ಚಂದವಾಗಿಯೇ ಕಾಣುತ್ತದೆ. ಒಳಗೆ ಕಾಳು ಬಿರುಕು ಬಿಟ್ಟಿರುತ್ತದೆ. ಒನಕೆ ತಾಗಿದ ಕೂಡಲೇ ನುಚ್ಚು. ಸಂಜೆ ಎಳೆದು ಒಳಗಿಡುವುದು ತುಳಸಾ ಮತ್ತು ಜೊತೆಯವರು ಹೇಳಿಸಿಕೊಳ್ಳದೆ ಮಾಡುತ್ತಿದ್ದ ಕೆಲಸ.

ತವರಲ್ಲಿ ಎಲ್ಲರೂ ನಿಲ್ಲು ಎಂದರು. ನಾಳಿನ ಅಭಿಷೇಕ ನೋಡಿಕೊಂಡು ಹೋಗು ಎಂದರು. ನಿಂತೆ. ಮರೆತೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ — ಮರೆತಿರಲಿಲ್ಲ. ಸಂಜೆಯ ಆರತಿ ಬೆಳಗುವಾಗ ಭತ್ತ ಕಣ್ಣ ಮುಂದೆ ಬಂತು. ಮರುದಿನ ಮುಂಜಾನೆ ನನ್ನ ಅಣ್ಣ ಕೆಲಸದ ಮೇಲೆ ಖಾನಾಪುರಕ್ಕೇ ಹೊರಟಿದ್ದ. ಏನಾದರೂ ಕೊಡುವುದಿದೆಯೇ ಎಂದು ಕೇಳಿದ. ನನ್ನ ಕೈ ಸೊಂಟಕ್ಕೆ ಹೋಯಿತು. ಕೀಲಿಕೈ ಕೊಟ್ಟರೆ ಐದು ಹೆಂಗಸರು ತುಂಬಿದ ಅಂಗಳದಲ್ಲಿ ತಾವೇ ತಾವಾಗಿರುತ್ತಾರೆ. ಹಸಿದವರು. ಏನೂ ಇಲ್ಲ ಅಣ್ಣಾ ಎಂದೆ. ಹಾಗೆಂದು ಬಸದಿಗೆ ಹೋಗಿ ಕೈ ಮುಗಿದು ನಿಂತೆ. ಹತ್ತು ವರ್ಷ ನನ್ನ ಅಂಗಳದಲ್ಲಿ ಒಂದು ಕಾಳನ್ನೂ ಹೇಳದೆ ಮುಟ್ಟದವಳ ಬಗ್ಗೆ ಹಾಗೆ ಯೋಚಿಸಿ, ಬಾಯಲ್ಲಿ ಮಾತ್ರ ಪಂಚನಮಸ್ಕಾರದ ಮಂತ್ರ.

ಮೂರನೆಯ ದಿನ ಮಧ್ಯಾಹ್ನ ಊರಿಗೆ ಬಂದೆ. ಐವರೂ ಬಾಗಿಲ ಹೊರಗೆ ಕೂತಿದ್ದರು. ದಿನಾ ಸಂಜೆ ಬಂದು, ಕೀಲಿ ನೋಡಿ, ತಿರುಗಿ ಹೋಗಿದ್ದರಂತೆ. ಗೋಡೆ ಹಾರಿ ಒಳಗೆ ಹೋಗೋಣವೇ ಎಂದು ಒಬ್ಬಳು ಕೇಳಿದ್ದಳಂತೆ. ಕಳ್ಳಿ ಅನ್ನಿಸಿಕೊಳ್ಳುವುದು ಬೇಡ ಎಂದು ತುಳಸಾ ತಡೆದಿದ್ದಳಂತೆ. ಒಳಗೆ ಹೋದವಳೇ ಅವಳು ಒಂದು ಹಿಡಿ ಭತ್ತ ಎತ್ತಿಕೊಂಡು, ಒಂದು ಕಾಳು ಸುಲಿದು ಹಲ್ಲಿನಲ್ಲಿ ಕಚ್ಚಿದಳು. ಸಣ್ಣಗೆ ಸದ್ದಾಯಿತು.

“ಇದು ಇಬ್ಬನಿ ಕುಡದೈತ್ರಿ ಅಕ್ಕಾರ. ಕುಟ್ಟಿದ್ರ ಬರೇ ನುಚ್ಚ ಆಗತೈತಿ. ಕುದಿಸಿ ಒಣಗಸೂಣ್ರಿ. ಕುದ್ದ ಭತ್ತ ಮುರಿಯೂದಿಲ್ಲ. ಗೋವಾದವರು ಅದನ್ನ ತಗೋತಾರ.”

ಉಪಾಯ ಇತ್ತು. ಅವಳೇ ಹೇಳಿದಳು. ಕುದಿಸಿದ್ದರೆ ಎಲ್ಲ ಉಳಿಯುತ್ತಿತ್ತು. ಆದರೆ ಬಿಳಿ ಅಕ್ಕಿ ಕೇಳಿದವನಿಗೆ ಕುದಿಸಿದ ಅಕ್ಕಿ ಏಕೆ ಎಂದು ಯಜಮಾನರು ಕೇಳುತ್ತಿದ್ದರು, ಮೂರು ದಿನ ಭತ್ತ ಹೊರಗೆ ಬಿದ್ದಿತ್ತು ಎಂದು ನಾನು ಹೇಳಬೇಕಾಗುತ್ತಿತ್ತು. ನಿನಗೆ ಹೇಳಿದಷ್ಟು ಮಾಡು, ಕುಟ್ಟು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒನಕೆ ಎತ್ತಿದಳು. ಕುಟ್ಟಿದ ಆ ಎರಡು ದಿನ ಅಂಗಳದಲ್ಲಿ ಒನಕೆಯ ಹಾಡು ಕೇಳಲಿಲ್ಲ.

ಎಷ್ಟು ಕೇರಿದರೂ ನುಚ್ಚು ಉಳಿದ ಅಕ್ಕಿ ಬೆಳಗಾವಿಗೆ ಹೋಯಿತು. ಅರ್ಧ ನುಚ್ಚೇ ಇದೆ ಎಂದು ವ್ಯಾಪಾರಿ ಚೀಲಗಳನ್ನು ಹಾಗೇ ತಿರುಗಿ ಕಳಿಸಿದ. ಯಜಮಾನರು ಚೀಲ ಬಿಚ್ಚಿ ನೋಡಿ ಅಂಗಳಕ್ಕೆ ಬಂದರು. ಅವರು ಕೂಗಾಡುವವರಲ್ಲ. ಐದೂ ಮಂದಿಯನ್ನು ಕರೆದು, ಮೆಲ್ಲಗೆ ನನ್ನನ್ನು ಕೇಳಿದರು:

“ನೀ ಬೆಳಗಾಂವಿಗೆ ಹೋದಾಗ ಭತ್ತ ಯಾರು ಒಳಗ ತಗೊಂಡ್ರು?”

ಒಂದು ಉಸಿರಿನಷ್ಟು ಹೊತ್ತು ಇತ್ತು. ಅಷ್ಟು ಹೊತ್ತು ಸಾಕಾಗಿತ್ತು ನನಗೆ, ಖರೆ ಹೇಳಲು. ಈಗ ಎಣಿಸಿದರೆ ಅದು ಬಹಳ ಹೊತ್ತು.

“ಕೀಲಿಕೈ ತುಳಸಾನ ಕೈಯಾಗ ಕೊಟ್ಟ ಹೋಗಿದ್ನಿರಿ” ಎಂದೆ.

ತುಳಸಾ ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ನಾನು ಕಣ್ಣು ಕೆಳಗೆ ಮಾಡಿದೆ. ಅವಳು ಬಾಯಿ ಮುಚ್ಚಿದಳು. ಆಮೇಲೆ ಯಜಮಾನರಿಗೆ ಹೇಳಿದಳು: “ತಪ್ಪ ನಂದ ಅಂತ ಇಟ್ಟಕೊಳ್ರಿ ಸಾವಕಾರ್ರ. ಈ ನಾಕ ಮಂದಿನ್ನ ಬಿಡಸಬ್ಯಾಡ್ರಿ. ಇವರ ಮನ್ಯಾಗೂ ಒಲಿ ಹತ್ತಬೇಕ್ರಿ.”

ಆದರೆ ನಾಲ್ವರೂ ಉಳಿಯಲಿಲ್ಲ. ಬೆಳಗಾವಿಯಲ್ಲಿ ಅಕ್ಕಿ ಗಿರಣಿ ಶುರುವಾಗಿ ಒಂದೆರಡು ವರ್ಷವಾಗಿತ್ತು. ಭತ್ತವನ್ನು ನೇರ ಅಲ್ಲಿಗೇ ಕಳಿಸಿದರೆ ಖರ್ಚು ಕಡಿಮೆ ಎಂದು ಯಜಮಾನರಿಗೆ ಹಲವರು ಹೇಳಿದ್ದರು. ಹತ್ತು ವರ್ಷ ಬಂದವರನ್ನು ಬಿಡಲು ಮನಸ್ಸಾಗದೆ ಅವರು ತಡೆದು ನಿಂತಿದ್ದರು. ನನ್ನ ಮಾತು ಅವರ ಮನಸ್ಸಿನ ಆ ತೊಡಕನ್ನೂ ಬಿಡಿಸಿತು. ಮರುವಾರ ಒರಳುಗಳನ್ನು ಮಗುಚಿ ಗೋಡೆಗೆ ಆನಿಸಿದರು.

ದಿನಾ ಸಂಜೆ ಜಪ ಮುಗಿಸಿ, ಆ ದಿನ ದೇವರು ಕೊಟ್ಟ ಸಣ್ಣ ಸಣ್ಣ ಒಳ್ಳೆಯದನ್ನು ಬೆರಳ ಮೇಲೆ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮಗುವಿನ ಜ್ವರ ಇಳಿಯಿತು, ಬಾವಿಯ ಹಗ್ಗ ಇನ್ನೂ ತಡೆದಿದೆ — ಹೀಗೆ. ಆ ಸಂಜೆಯೂ ಎಣಿಸಿದೆ. ಯಜಮಾನರು ಸಿಟ್ಟಾಗಲಿಲ್ಲ ಎಂದು ಒಂದು ಬೆರಳು ಮಡಚಿದೆ. ತುಳಸಾ ಬಾಯಿ ಬಿಡಲಿಲ್ಲ ಎಂದು ಇನ್ನೊಂದು. ಅದನ್ನೂ ದೇವರ ಕೃಪೆಯ ಲೆಕ್ಕಕ್ಕೆ ಸೇರಿಸಿದೆ.

ಕಾಲವೇ ಕೆಟ್ಟಿತ್ತು, ಇಂದಲ್ಲ ನಾಳೆ ಗಿರಣಿ ಅವರ ಕೆಲಸ ತಿಂದೇ ತಿನ್ನುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಕೆಲಸವನ್ನು ಕಾಲ ತಿನ್ನುತ್ತಿತ್ತು. ಹೆಸರನ್ನು ತಿಂದದ್ದು ನಾನು. ಊರಲ್ಲಿ ಇನ್ನೂ ನಾಲ್ಕು ಮನೆಗಳಲ್ಲಿ ಕುಟ್ಟಿಸುತ್ತಿದ್ದರು. ತುಳಸಾ ಒಂದೊಂದೇ ಬಾಗಿಲಿಗೆ ಹೋದಳು. ಅಕ್ಕಿ ಹೇಗೆ ಕೆಟ್ಟಿತೆಂದು ಯಜಮಾನರು ಪೇಟೆಯಲ್ಲಿ ಕೇಳಿದವರಿಗೆ ಹೇಳಿದ್ದರು, ನನ್ನ ಮಾತು ನಂಬಿ. ಬಾಯಿಂದ ಬಾಯಿಗೆ ಅದು ಬೆಳೆಯಿತು. ನುಚ್ಚು ತನಗೇ ಸಿಗುವುದೆಂದು ಬೇಕೆಂದೇ ಮುರಿದಳು ಎಂದರು. ನುಚ್ಚಿನ ತುಳಸಾ ಎಂದು ಹೆಸರಿಟ್ಟರು. ಸಂತೆಯಲ್ಲಿ ಹುಡುಗಿಯರು ಸಹ ಹಾಗೆಂದು ನಗುವುದನ್ನು ನಾನು ಕಿವಿಯಾರೆ ಕೇಳಿದೆ. ಕಾಯಿಪಲ್ಲೆ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದೆ.

ಆರು ತಿಂಗಳ ಮೇಲೆ, ಭಾದ್ರಪದ. ದಶಲಕ್ಷಣ ವ್ರತದ ಹತ್ತು ದಿನ ಮುಗಿದು ಕ್ಷಮಾವಣಿ. ಅಂದು ನಮ್ಮ ಜನ ಎದುರಾದವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತೇವೆ. ದೊಡ್ಡವರು ಚಿಕ್ಕವರನ್ನು, ಅತ್ತೆ ಸೊಸೆಯನ್ನು, ಎಲ್ಲರೂ ಎಲ್ಲರನ್ನು. ಆ ಮುಂಜಾನೆ ಮಳೆಯಲ್ಲಿ ತಲೆಯ ಮೇಲೆ ಗೋಣಿ ಹಾಕಿಕೊಂಡು ತುಳಸಾ ನಮ್ಮ ಬಾಗಿಲಿಗೆ ಬಂದಳು. ಬಟ್ಟೆ ಒಗೆಯುವುದೋ, ದನದ ಕೊಟ್ಟಿಗೆಯೋ, ಏನಾದರೂ ಕೆಲಸ ಇದೆಯೇ ಎಂದು ಕೇಳಲು. ಬೆಳಿಗ್ಗೆಯಿಂದ ಹತ್ತಾರು ಜನರ ಮುಂದೆ ಮುಗಿದ ಕೈ ತಾನಾಗಿಯೇ ಮತ್ತೆ ಸೇರಿತು. ತಿಳಿದೋ ತಿಳಿಯದೆಯೋ — ಎಂದು ಅವಳಿಗೂ ಹೇಳಿದೆ. ಬಾಯಿಪಾಠ.

ತುಳಸಾ ಗೋಣಿಯ ನೀರು ಕೊಡವಿದಳು.

“ಯಾವ ತಪ್ಪು ಅಂತ ಹೇಳ್ರಿ ಅಕ್ಕಾರ, ಕ್ಷಮಾ ಮಾಡತೀನಿ.”

“ಎಲ್ಲಾದಕ್ಕೂ” ಎಂದೆ.

“ಎಲ್ಲಾದಕ್ಕೂ ಅಂದ್ರ ಯಾವದಕ್ಕೂ ಅಲ್ಲ ಅಂದಂಗ ಆತ್ರಿ” ಎಂದು ಮಳೆಯಲ್ಲಿ ಇಳಿದು ಹೋದಳು. ಕೆಲಸದ ಮಾತು ಅಲ್ಲಿಗೇ ನಿಂತಿತು. ಒಳಗೆ ಬಂದು ಹಬ್ಬದ ಅಡಿಗೆ ಬಡಿಸಿದೆ. ಅಂದು ನನ್ನ ಹತ್ತು ದಿನದ ವ್ರತ ಸಾಂಗವಾಯಿತೆಂದು ಬಸದಿಯಲ್ಲಿ ಹೊಗಳಿದರು.

ಆಮೇಲೆ ಅವರ ಸಂಸಾರ ಗುಂಜಿಗೆ ಹೋಯಿತೆಂದು ಕೇಳಿದೆ. ಗಂಡ ಹೆಂಡತಿ ಇಬ್ಬರೂ ಇದ್ದಿಲು ಹೊರುವ ಕೆಲಸ. ಅಲ್ಲಿಯೂ ಜನ ಹೆಚ್ಚಾಗಿ ಕೂಲಿ ಅರ್ಧಕ್ಕೆ ಇಳಿದಿತ್ತಂತೆ. ಹನ್ನೆರಡು ವರ್ಷದ ಮಗಳು ಪಾರ್ವತಿಯನ್ನು ಬೆಳಗಾವಿಯ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕಲು ಬಿಟ್ಟರಂತೆ, ಹೊಟ್ಟೆಗೆ ಊಟವಷ್ಟೇ ಕೂಲಿ. ಒಂದೊಂದು ಸುದ್ದಿ ಬಂದಾಗಲೂ ನಾನು ಒಂದೊಂದು ಉಪವಾಸ ಹೆಚ್ಚು ಮಾಡಿದೆ. ಯಾರ ಹೊಟ್ಟೆ ತುಂಬಿತು ಅದರಿಂದ?

ಕಳೆದ ತಿಂಗಳು ತವರಲ್ಲಿ ಅಣ್ಣನ ಮಗಳ ಮದುವೆ. ಮದುವೆಯ ಅಕ್ಕಿಯನ್ನು ಇಂದಿಗೂ ನಾವು ಗಿರಣಿಗೆ ಹಾಕುವುದಿಲ್ಲ, ಮನೆಯಲ್ಲೇ ಕುಟ್ಟಿಸುತ್ತೇವೆ. ಕೆಲಸ ಕೇಳಿಕೊಂಡು ಬಂದ ಹೆಂಗಸರ ಸಾಲಿನಲ್ಲಿ ಹತ್ತೊಂಬತ್ತರ ಒಬ್ಬ ಹುಡುಗಿ ನಿಂತಿದ್ದಳು. ನಮ್ಮ ಅತ್ತಿಗೆ ಪಡಸಾಲೆಯಲ್ಲಿ ಎಲ್ಲರ ಮುಂದೆ ನನ್ನನ್ನು ಕೇಳಿದರು: “ಈಕಿ ಖಾನಾಪುರದ ನುಚ್ಚಿನ ತುಳಸಾನ ಮಗಳಂತ. ನಿಮ್ಮ ಅಕ್ಕಿ ಕೆಡಿಸಿದಾಕಿ ಆಕೀನ ಹೌದಿಲ್ಲೋ? ಮದವಿ ಅಕ್ಕಿ, ಹೆಂಗ ಕೊಡೂದು ಇಂಥವರ ಕೈಯಾಗ?”

ಹುಡುಗಿಯ ಕೈಗಳನ್ನು ನೋಡಿದೆ. ತಾಯಿಯ ಕೈಗಳೇ. ನನ್ನ ಬಾಯಿಂದ ಖರೆ ಹೊರಬಿತ್ತು. ತುಳಸಾ ಕೆಡಿಸಲಿಲ್ಲ, ನಾನು ಕೆಡಿಸಿದೆ, ಕೀಲಿಕೈ ನನ್ನ ಹತ್ತಿರ ಇತ್ತು, ಸುಳ್ಳು ಹೇಳಿದೆ ಎಂದೆ. ಏಳು ವರ್ಷ ಹೊತ್ತದ್ದು ಹೇಳಿ ಮುಗಿಸಲು ಅರೆಗಳಿಗೆ ಸಾಕಾಯಿತು. ಆದರೆ ಅತ್ತಿಗೆ ನಕ್ಕುಬಿಟ್ಟರು. “ನೀವು ಬಿಡ್ರಿ. ಅಂಗಳದಾಗ ಒಂದ ಇರುವಿ ಸತ್ತರೂ ನಾನ ಕೊಂದೆ ಅಂತೀರಿ” ಎಂದರು. ಕೂತವರೆಲ್ಲ ತಲೆಯಾಡಿಸಿದರು. ಅಂಥ ಧರ್ಮದವಳು ಸುಳ್ಳು ಹೇಳುವುದುಂಟೇ, ಬಡವರ ಹುಡುಗಿಯ ಮೇಲೆ ಮರುಕದಿಂದ ಹೀಗೆನ್ನುತ್ತಾಳೆ ಎಂದರು. ನನ್ನ ವ್ರತ ನೇಮಗಳೇ ನನ್ನ ತಪ್ಪಿನ ಬಾಗಿಲಿಗೆ ಅಡ್ಡ ನಿಂತವು. ನನ್ನ ಮಾತಿಗೆ ಬೆಲೆ ಕೊಟ್ಟು ಹುಡುಗಿಗೆ ಆ ನಾಲ್ಕು ದಿನದ ಕೆಲಸ ಸಿಕ್ಕಿತು. ನಂಬಿದವರು ಯಾರೂ ಇಲ್ಲ. ಪಾರ್ವತಿ ಮಾತ್ರ ನಗಲಿಲ್ಲ. ಒನಕೆ ಎತ್ತುತ್ತ, ನನ್ನ ಕಡೆ ನೋಡದೆ, “ಅವ್ವ ಇನ್ನೂ ಗುಂಜ್ಯಾಗ ಅದಾಳ್ರಿ” ಎಂದಳು.

ಮದುವೆ ಮುಗಿಸಿ ಬಂದವಳು ಐದು ದಿನದ ಹಿಂದೆ ಗುಂಜಿಗೆ ಹೋದೆ. ಸ್ಟೇಷನ್ನಿನ ಹಿಂದೆ ಇದ್ದಿಲಿನ ರಾಶಿಯ ನಡುವೆ ತುಳಸಾ ಕೂತು ಜರಡಿಯಲ್ಲಿ ಪುಡಿ ಜಾಲಾಡುತ್ತಿದ್ದಳು. ತಲೆ ಬೆಳ್ಳಗಾಗಿತ್ತು, ಮುಖವೆಲ್ಲ ಕಪ್ಪು. “ಬರ್ರಿ ಅಕ್ಕಾರ, ಕುಂದರ್ರಿ. ಸೀರಿ ಹೊಲಸಾದ್ರ ನನ್ನ ಹೆಸರ ಹೇಳಬ್ಯಾಡ್ರಿ ಮತ್ತ” ಎಂದು ಗೋಣಿ ಹಾಸಿದಳು.

ಈ ಸಲ ತಪ್ಪಿನ ಹೆಸರು ಹಿಡಿದು ಹೇಳಿದೆ. ಅನುಮಾನಪಟ್ಟು ಕೀಲಿ ಹಾಕಿದ್ದು, ಅಣ್ಣನ ಕೈಯಲ್ಲಿ ಕೊಡದೇ ಹೋದದ್ದು, ಕುದಿಸೋಣ ಎಂದವಳ ಬಾಯಿ ಮುಚ್ಚಿಸಿದ್ದು, ಆಮೇಲೆ ಸುಳ್ಳು. ಒಂದೂ ಬಿಡಲಿಲ್ಲ. ಅವಳು ಜಾಲಾಡುವುದನ್ನು ನಿಲ್ಲಿಸದೆ ಕೇಳಿದಳು. ಅಂದೇ ಏಕೆ ಎದುರು ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

“ನಿಮ್ಮ ಮಾತಿನ ಮುಂದ ನನ್ನ ಮಾತ ನಡೀತಿತ್ತೇನ್ರಿ?” ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಸುಸ್ತು ಇತ್ತು. “ಈಗ ನಾ ಕ್ಷಮಾ ಮಾಡೀನಿ ಅಂದ್ರ ನಿಮಗ ಹಗೂರ ಆದೀತು. ನನಗೇನ ಬಂತು? ಪ್ಯಾಟ್ಯಾಗ ನನ್ನ ಹೆಸರ ಕೆಟ್ಟಿದ್ದು ಸಾವಕಾರ್ರ ಬಾಯಿಂದ. ಮದಲ ಅವರಿಗಿ ಹೇಳ್ರಿ. ಅವರು ಪ್ಯಾಟ್ಯಾಗ ಹೇಳ್ಲಿ. ನನ್ನ ಕತಿ ಮುಗೀತು. ಪಾರಿ ಇನ್ನ ಮೂವತ್ತ ವರ್ಸ ಕುಟ್ಟಿ ತಿನ್ನಾಕಿ ಅದಾಳ.”

ಒಯ್ದಿದ್ದ ಅಕ್ಕಿಯ ಗಂಟನ್ನು ಮುಟ್ಟಲಿಲ್ಲ. ತಿರುಗಿ ತಂದೆ.

ಐದು ದಿನವಾಯಿತು. ಯಜಮಾನರಿಗೆ ಹೇಳಲು ಮೂರು ಸಲ ಎದುರು ಕೂತೆ. ಮತ್ತೆ ಧಾರಣೆ ಬಿದ್ದಿದೆ, ಹಮಾಲರನ್ನು ಕಡಿಮೆ ಮಾಡಬೇಕೋ ಏನೋ ಎಂಬ ಚಿಂತೆ ಅವರಿಗೆ. ಇಂದು ಬೇಡ, ಮನಸ್ಸು ಸರಿಯಿಲ್ಲ ಎಂದುಕೊಂಡೆ. ಇನ್ನಷ್ಟು ಮಜ್ಜಿಗೆ ಹಾಕಲೇ ಎಂದು ಕೇಳಿ ಎದ್ದೆ. ಮೂರೂ ಸಲ ಹಾಗೇ ಆಯಿತು. ನನ್ನ ಬಾಯನ್ನು ನಾನು ಇನ್ನು ನಂಬುವುದಿಲ್ಲ. ಅದಕ್ಕೇ ಕಾಗದ.

ಯಜಮಾನರೇ, ಮೊದಲು ಇದನ್ನು ಓದುವವರು ನೀವೇ. ಇಲ್ಲಿಯವರೆಗೆ ಓದಿದ್ದರೆ ನಿಮಗೆ ಗೊತ್ತಾಗಿರುತ್ತದೆ — ಅಂದು ಅಂಗಳದಲ್ಲಿ ನೀವು ನಂಬಿದ್ದು ಯಾರನ್ನು ಎಂದು. ನನಗೆ ಏನು ಹೇಳಬೇಕೋ ಹೇಳಿ, ಅದು ನನಗೆ ಸಲ್ಲತಕ್ಕದ್ದು. ಆದರೆ ನಾಳೆ ಪೇಟೆಗೆ ಹೋದಾಗ, ಅಂದು ಯಾರು ಯಾರಿಗೆ ಹೇಳಿದ್ದಿರೋ ಅವರಿಗೆಲ್ಲ ಹೇಳಿ: ತುಳಸಾಳ ಕೈ ಕೆಟ್ಟಿರಲಿಲ್ಲ, ನನ್ನ ಹೆಂಡತಿ ಸುಳ್ಳು ಹೇಳಿದ್ದಳು ಎಂದು. ಮರುಕದಿಂದ ಹೀಗೆನ್ನುತ್ತಾಳೆ ಎಂದು ಯಾರಾದರೂ ನಕ್ಕರೆ ಈ ಕಾಗದ ತೋರಿಸಿ. ನನ್ನ ಮರ್ಯಾದೆ ಎಂದು ಹಿಂದೆಗೆಯಬೇಡಿ. ಏಳು ವರ್ಷ ಅದನ್ನು ಅವಳ ಹೆಸರಿನ ಮೇಲೆ ನಡೆಸಿದ್ದಾಯಿತು.

ಹೊತ್ತು ಇಳಿಯುತ್ತಿದೆ. ದೀಪ ಹಚ್ಚುವ ಮೊದಲೇ ನೀವು ಊಟಕ್ಕೆ ಬರುತ್ತೀರಿ. ಇಂದು ತಾಟು ಇಡುವುದಕ್ಕಿಂತ ಮೊದಲು ಇದನ್ನು ಕೈಗೆ ಕೊಡುತ್ತೇನೆ. ಅಡಿಗೆಮನೆಗೆ ಹೋಗುವುದಿಲ್ಲ, ಜಪಕ್ಕೂ ಕೂರುವುದಿಲ್ಲ. ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.